ಜರ್ನಲ್ ಬೇರಿಂಗ್: ಕೈಯಿಟ್ಟು ನೋಡಿದರೆ ಸಾಕಾ?

ಪೀಣ್ಯ ಫಿಟ್ಟರ್: ನಮ್ಮ ಶೆಡ್ಡಿನ ಬ್ಲೋವರ್ 3000 ಆರ್‌ಪಿಎಂ. ಅದರ ಜರ್ನಲ್ ಬೇರಿಂಗ್ (ಎಣ್ಣೆ ಪದರದ ಮೇಲೆ ಶಾಫ್ಟ್ ತಿರುಗುವಂಥದ್ದು) ಹೊಸದು, ಒಳಗೆ ಬ್ಯಾಬಿಟ್ ಎಂಬ ಮೆದು ಮಿಶ್ರಲೋಹದ ಪದರ. ಸೂಪರ್‌ವೈಸರ್ ಹೌಸಿಂಗ್ ಮುಟ್ಟಿ ‘ಬಿಸಿ ಇಲ್ಲ, ಓಕೆ’ ಎನ್ನುತ್ತಾರೆ. ನನಗೆ ಸಮಾಧಾನವಿಲ್ಲ.

ಹಳೇ ಟರ್ಬೈನು: ಸಾಲದು ಮಾರಾಯ. ಹೊರಗೆ ತಣ್ಣಗಿದ್ದರೂ ಒಳಗೆ ಬ್ಯಾಬಿಟ್ ಬೇಯುತ್ತಿರಬಹುದು. ಬಿಸಿ ಅಳೆಯುವ ಥರ್ಮೋಕಪಲ್ ಅನ್ನು ಬೇರಿಂಗಿನ ಕೆಳಗಿನ ಅರ್ಧದಲ್ಲಿ, ಭಾರ ಬೀಳುವ ಕಡೆ, ಶಾಫ್ಟ್ ತಿರುಗುವ ದಿಕ್ಕಿಗೆ ಸ್ವಲ್ಪ ಸರಿಸಿ ಕೂರಿಸಿ. ಎಣ್ಣೆ ಪದರ ತೆಳುವಾಗುವುದು ಅಲ್ಲೇ. ಆಮೇಲೆ ಆ ಪದರ ಎಷ್ಟು ದಪ್ಪ ಅಂತ ತಿಳಿಯಲು ಸೋಮರ್‌ಫೆಲ್ಡ್ ಸಂಖ್ಯೆ ಲೆಕ್ಕ ಹಾಕಿ. ಎಣ್ಣೆಯ ಮಂದತನ, ವೇಗ, ಭಾರ, ಕ್ಲಿಯರೆನ್ಸ್ (ಶಾಫ್ಟ್, ಬೇರಿಂಗ್ ನಡುವಿನ ಸಂದು) ನಾಲ್ಕೂ ಅದರೊಳಗಿವೆ. ರೈಮಂಡಿ, ಬಾಯ್ಡ್ ಅವರ 1958ರ ಚಾರ್ಟಿನಲ್ಲಿ ಆ ಸಂಖ್ಯೆಗೆ ಪದರದ ದಪ್ಪ ಸಿಗುತ್ತದೆ. ಅದು ಶಾಫ್ಟ್, ಬೇರಿಂಗ್ ಎರಡೂ ಮೇಲ್ಮೈಗಳ ಒರಟುತನಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. ಡಬ್ಬದ ಮೇಲಿನ 40 ಡಿಗ್ರಿಯ ಮಂದತನದ ಅಂಕಿ ಸುಮ್ನೆ ಹಾಕಬೇಡಿ. ಓಡುವಾಗಿನ ಬಿಸಿಗೆ ಎಣ್ಣೆ ಎಷ್ಟೋ ತೆಳ್ಳಗಾಗಿರುತ್ತದೆ, ಅಲ್ವಾ?

ನಡುಕದ ನಂಜ: ವೈಬ್ರೇಶನ್ನೂ ನೋಡಿ. 50 ಹರ್ಟ್ಸ್‌ನಲ್ಲಿ, ಅಂದರೆ ಶಾಫ್ಟ್ ಸೆಕೆಂಡಿಗೆ ಸುತ್ತುವ ಲೆಕ್ಕದಲ್ಲೇ, ಜಾಸ್ತಿಯಿದ್ದರೆ ಮೊದಲು ಬ್ಯಾಲೆನ್ಸ್ ಅನುಮಾನಿಸಿ. 21ರಿಂದ 24ರ ನಡುವೆ ಎದ್ದರೆ ಆಯಿಲ್ ವರ್ಲ್ (ಎಣ್ಣೆ ಪದರವೇ ಶಾಫ್ಟನ್ನು ಸುತ್ತ ತಳ್ಳಿ ಬರುವ ನಡುಕ) ಇರಬಹುದು. ಭಾರ ಕಡಿಮೆಯಿರುವ ಬೇರಿಂಗಿಗೆ ಈ ಕಾಟ ಹೆಚ್ಚು.

ಪೀಣ್ಯ ಫಿಟ್ಟರ್: ಶಾಫ್ಟಿನ ನಡುಕ ಅಳೆಯುವ ಪ್ರಾಕ್ಸಿಮಿಟಿ ಪ್ರೋಬ್‌ಗೆ ಓನರ್ ದುಡ್ಡು ಬಿಚ್ಚಲ್ಲ. ಥರ್ಮೋಕಪಲ್ ಎಸ್‌ಪಿ ರೋಡಿನಲ್ಲಿ ತರುತ್ತೇನೆ.

ಹಳೇ ಟರ್ಬೈನು: ತನ್ನಿ. ಎಣ್ಣೆ ಸ್ಯಾಂಪಲ್ಲೂ ತೆಗೆದಿಡಿ. ತವರ, ಸೀಸ ಏರುತ್ತಿದ್ದರೆ ಬ್ಯಾಬಿಟ್ ಸವೆಯುತ್ತಿದೆ ಅಂತ.