ಅಡಿಕೆ ಅಂಗಳ, ಗೇಟಿನ ಏರು, ಬಾವಿಯ ದಾರಿ: ಯಾವುದಕ್ಕೆ ಏನು ಹಾಸಬೇಕು?

ತೋಟದಮನೆ_ಪುತ್ತೂರು:

ಪುತ್ತೂರು ಪೇಟೆಯಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಅಂಗಳ 50 ಅಡಿ ಉದ್ದ, 40 ಅಡಿ ಅಗಲ, ಇವತ್ತಿಗೂ ಮಣ್ಣಿನದು. ಮಳೆ ಬಿಟ್ಟ ಮೇಲೆ ಅದನ್ನು ಕೆತ್ತಿ, ನೀರು ಹನಿಸಿ, ಹಲಗೆಯಿಂದ ಬಡಿದು, ಸಗಣಿ ಸಾರಿಸಿದರೆ ಅಡಿಕೆ ಹರಡಲು ತಯಾರು. ಆದರೆ ಬಡಿಯುವ ಕೆಲಸಕ್ಕೆ ಈಗ ಜನ ಬರುವುದಿಲ್ಲ. ಬಂದವರೂ ಒಂದು ಮೂಲೆ ಬಡಿದು ಬೀಡಿ ಹಚ್ಚಿ ಕುಳಿತರೆ ಏಳುವ ಲಕ್ಷಣ ಕಾಣಿಸುವುದಿಲ್ಲ. ಈ ಸಲ ಶಾಶ್ವತವಾಗಿ ಏನಾದರೂ ಮಾಡಿಬಿಡೋಣ ಎಂದು ಮನೆಯಲ್ಲಿ ಮಾತಾಗಿದೆ. ಅಲ್ಲಿಂದಲೇ ಜಗಳವೂ ಶುರುವಾಗಿದೆ.

ಜಾಗ ಮೂರು. ಒಂದು, ಈ ಅಂಗಳ. ಎರಡು, ಗೇಟಿನಿಂದ ಅಂಗಳಕ್ಕೆ ಇಳಿಯುವ ಸುಮಾರು 60 ಅಡಿಯ ಇಳಿಜಾರು ದಾರಿ. ಗೊಬ್ಬರದ ಪಿಕಪ್ ಬರುವುದೂ ಅಡಿಕೆ ಹೋಗುವುದೂ ಅದರಲ್ಲೇ. ಮೂರು, ಅಡುಗೆಮನೆಯ ಹಿಂಬಾಗಿಲಿನಿಂದ ಬಾವಿಕಟ್ಟೆ, ಬಚ್ಚಲಿಗೆ ಹೋಗುವ ದಾರಿ. ಮೇಲೆ ಹಲಸಿನ ಮರದ ನೆರಳು. ಆಟಿ ತಿಂಗಳಲ್ಲಿ, ಜೋರು ಮಳೆಯ ಹೊತ್ತಿಗೆ, ಅಲ್ಲಿ ಕಟ್ಟುವ ಪಾಚಿಯ ಮೇಲೆ ಸೋಗೆ ಹಾಸಿಕೊಂಡು ಓಡಾಡುತ್ತೇವೆ. ಅತ್ತೆಗೆ ಎಪ್ಪತ್ತು ದಾಟಿದೆ, ಬರಿಗಾಲಿನಲ್ಲೇ ನಡೆಯುವುದು. ಚಪ್ಪಲಿ ಹಾಕಿ ಎಂದರೆ, ಬಾವಿಕಟ್ಟೆಗೆ ಯಾರಾದರೂ ಚಪ್ಪಲಿ ಹಾಕಿ ಹೋಗುತ್ತಾರೆಯೇ ಎಂದು ನನ್ನನ್ನೇ ಕೇಳುತ್ತಾರೆ.

ಗಂಡ ಮೂರಕ್ಕೂ ಒಂದಕ್ಕೊಂದು ಕೂಡಿಸಿ ಹಾಸುವ ಸಿಮೆಂಟು ಕಲ್ಲು, ಅಂದರೆ ಇಂಟರ್‌ಲಾಕ್ ಎನ್ನುತ್ತಾರೆ. ಮಾವನಿಗೆ ಏನೂ ಬೇಡ. ಸಿಮೆಂಟು ಹಾಕಿದರೆ ಬಾವಿ ಬತ್ತುತ್ತದೆ ಎನ್ನುವುದು ಅವರ ವಾದ. ಬೆಂಗಳೂರಿನಲ್ಲಿರುವ ಮೈದುನ ದಿನಕ್ಕೊಂದು ಫೋಟೋ ಕಳುಹಿಸುತ್ತಾನೆ: ದೊಡ್ಡ ದೊಡ್ಡ ಬೂದು ಕಲ್ಲು, ನಡುವಿನ ಸಂದಿಯಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು. ಹಟ್ಟಿಯಲ್ಲಿ ಎರಡು ದನಗಳಿವೆ ಎನ್ನುವುದು ಅವನಿಗೆ ಮರೆತಿರಬೇಕು. ಹಾಕಿಸಿದ ದಿನ ಸಂಜೆಯೇ ಅವು ಮೇದು ಮುಗಿಸುತ್ತವೆ.

ಚೆಂದಕ್ಕಿಂತ ನನಗೆ ಎರಡು ಮುಖ್ಯ. ಅಡಿಕೆ ಚೆನ್ನಾಗಿ ಒಣಗಬೇಕು, ಅತ್ತೆ ಜಾರಬಾರದು. ಅನುಭವ ಇದ್ದವರು ಹೇಳಿ.

ಯಲಹಂಕದ_ಮನೆ:

ಗ್ರಾನೈಟ್ ಹಾಕಿಸಿ, ನಿಶ್ಚಿಂತೆ. ನಮ್ಮ ಮನೆಯ ಸುತ್ತ ಬೂದು ಬಣ್ಣದ ಸಾದರಹಳ್ಳಿ ಕಲ್ಲು ಹಾಕಿಸಿದ್ದೇವೆ. ಪಾಲಿಶ್ ಮಾಡಿದ್ದನ್ನು ಮಾತ್ರ ಹೊರಗೆ ಹಾಕಬೇಡಿ, ನಾಲ್ಕು ಹನಿ ಬಿದ್ದರೂ ಜಾರುತ್ತದೆ. ಫ್ಲೇಮ್ ಮಾಡಿದ್ದು ಕೇಳಿ. ಬೆಂಕಿಯ ಜ್ವಾಲೆ ತಾಗಿಸಿದಾಗ ಕಲ್ಲಿನ ಮೇಲ್ಪದರದ ಹರಳುಗಳು ಸಿಡಿದು ಮೇಲ್ಮೈ ತರಿತರಿಯಾಗುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ.

ಮೈದುನ ಕಳುಹಿಸಿದ್ದು ತಾಂಡೂರು ಕಲ್ಲಿನ ಫೋಟೋ ಇರಬೇಕು. ಅದೂ ಶಹಾಬಾದ್, ಕಡಪ ಕಲ್ಲುಗಳ ಹಾಗೆ ಸುಣ್ಣದ ಕಲ್ಲಿನ ಜಾತಿಯೇ. ಹುಣಸೆ, ನಿಂಬೆಹುಳಿ ಬಿದ್ದಲ್ಲಿ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಹಾಳೆ ಹಾಳೆಯಾಗಿ ಏಳುವ ಗುಣವೂ ಉಂಟು. ನಿಮ್ಮ ಕಡೆಯ ಮಳೆಗೆ ಹೇಗೋ, ಯೋಚಿಸಿ.

ಮೂಡಬಿದ್ರೆ_ಮೇಸ್ತ್ರಿ:

ಅಕ್ಕ, ಇಂಟರ್‌ಲಾಕ್ ಹಾಕುವುದೇ ನನ್ನ ಕಸುಬು. ಆದರೂ ಹೇಳುತ್ತೇನೆ, ಅಡಿಕೆ ಅಂಗಳಕ್ಕೆ ಅದು ಬೇಡ. ಮೂರು ಜಾಗಕ್ಕೂ ಒಂದೇ ವಸ್ತು ಎಂದು ಹೊರಟರೆ ಒಂದರಲ್ಲಾದರೂ ಪಶ್ಚಾತ್ತಾಪ ಕಟ್ಟಿಟ್ಟದ್ದು.

ಅಡಿಕೆ ಮಗುಚುವುದು ಹೇಗೆ? ಕಾಲನ್ನು ನೆಲಕ್ಕೆ ಒತ್ತಿ ಎಳೆಯುತ್ತಾ ಸಾಲು ಬಿಡಿಸಿಕೊಂಡು ಹೋಗುತ್ತೇವೆ. ಇಂಟರ್‌ಲಾಕ್ ಕಲ್ಲಿನ ಅಂಚು ನಾಲ್ಕೂ ಕಡೆ ಓರೆಯಾಗಿ ತಗ್ಗಿರುತ್ತದೆ. ಎರಡು ಕಲ್ಲು ಸೇರಿದಲ್ಲೆಲ್ಲ ಒಂದು ಸಣ್ಣ ಚರಂಡಿ. ಅದರಲ್ಲಿ ಕಾಲಬೆರಳು ಸಿಕ್ಕುತ್ತದೆ, ಸಂಜೆ ಗೋರುವಾಗ ಹಲಗೆ ತಡೆಯುತ್ತದೆ, ಸಂದಿಯ ಮರಳು ಕಿತ್ತು ಬಂದು ಅಡಿಕೆಯ ಜೊತೆ ಗೋಣಿಗೆ ಸೇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತೇವದ್ದು. ಮಳೆಗಾಲದ ನೀರು ಸಂದಿಯಿಂದ ಇಳಿದು ಕೆಳಗಿನ ಮರಳಿನಲ್ಲಿ ಕುಳಿತಿರುತ್ತದೆ, ಮಳೆ ಬಿಟ್ಟ ಮೇಲೂ ಬಹಳ ದಿನ ಮೇಲಕ್ಕೆ ಹಬೆಯಾಡುತ್ತದೆ. ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಒಣಗಲು ಒಂದೂವರೆ ತಿಂಗಳ ಹತ್ತಿರ ಬೇಕು. ಅಡಿಯಿಂದ ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ.

ಅಂಗಳಕ್ಕೆ ಕಾಂಕ್ರೀಟೇ ಸರಿ. ನಾಲ್ಕು ಇಂಚು ದಪ್ಪ; ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿ. ಜಲ್ಲಿ ಹಾಸಿ ದಮ್ಮಸ್ಸು ಮಾಡಿದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಹಾಳೆಯ ಅಂಚುಗಳು ಒಂದರ ಮೇಲೊಂದು ಒಂದಡಿ ಬರಲಿ. ನೆಲದ ತೇವವನ್ನು ತಡೆಯುವುದು ಆ ಹಾಳೆಯೇ. ಅದನ್ನು ಬಿಟ್ಟರೆ ಮಣ್ಣಿನ ಅಂಗಳಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ನಿಮ್ಮ ಅಳತೆಗೆ 10 ಅಡಿಗೆ 10 ಅಡಿಯ 20 ಚೌಕಗಳು ಲೆಕ್ಕ ಸರಿಯಾಗಿ ಬರುತ್ತವೆ. ಚೌಕದ ನಡುವೆ ಸಂದು ಬಿಡಲೇಬೇಕು, ಅದಕ್ಕೆ ಡಾಂಬರು ತುಂಬಿಸಬೇಕು. ಮೇಲ್ಮೈಗೆ ಕಬ್ಬಿಣದ ಕರಣೆ ಹಿಡಿದು ಹೊಳಪು ಬರಿಸಲು ಹೋಗುತ್ತಾರೆ, ಬಿಡಬೇಡಿ. ಮರದ ಹಲಗೆಯಿಂದ ತೀಡಿ ನಿಲ್ಲಿಸಲಿ. 150 ಚೀಲದಷ್ಟು ಸಿಮೆಂಟು ಬೀಳಬಹುದು.

ಇಳಿಜಾರಿಗೆ ಇಂಟರ್‌ಲಾಕ್ ಹಾಕಿ, ಧಾರಾಳವಾಗಿ. ಆದರೆ 60 ಮಿಲಿಮೀಟರಿನದ್ದಲ್ಲ, 80ರದ್ದು. ಐಎಸ್ 15658 ಎಂಬ ಭಾರತೀಯ ಮಾನದಂಡದಲ್ಲಿ 60 ಮಿಲಿಮೀಟರಿನ ಎಂ35 ದರ್ಜೆಯ ಕಲ್ಲು ಹಗುರ ಓಡಾಟಕ್ಕೆ, 80 ಮಿಲಿಮೀಟರಿನ ಎಂ40 ಅದಕ್ಕಿಂತ ಹೆಚ್ಚಿನ ಭಾರಕ್ಕೆ. ಗೊಬ್ಬರ ತುಂಬಿದ ಪಿಕಪ್ ಏರಿನಲ್ಲಿ ಬ್ರೇಕ್ ಹಾಕಿದಾಗ ಕಲ್ಲನ್ನು ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ಇಳಿಜಾರಿನ ಬುಡದಲ್ಲಿ ಅಡ್ಡಕ್ಕೆ ಕಾಂಕ್ರೀಟ್ ಬೀಮ್ ಮೊದಲು ಹಾಕಿಸಿ, ಎರಡೂ ಬದಿಗೆ ಕರ್ಬ್, ಅಂದರೆ ಅಂಚುಕಲ್ಲು ನಿಲ್ಲಿಸಿ, ಕಲ್ಲು ಜೋಡಿಸುವುದನ್ನು ಕೆಳಗಿನಿಂದ ಮೇಲಕ್ಕೆ ಮಾಡಿಸಿ. ಬದಿಗೆ ಆಧಾರವಿಲ್ಲದೆ ಹಾಕಿದ ಇಂಟರ್‌ಲಾಕ್ ಎರಡು ಮಳೆಗಾಲದಲ್ಲಿ ಬಾಯಿ ಬಿಡುತ್ತದೆ.

ಕಲ್ಲು ಆರಿಸುವಾಗ ಒಂದು ಮಾತು. ರಬ್ಬರ್ ಅಚ್ಚಿನಲ್ಲಿ ಎರೆದದ್ದು ಕನ್ನಡಿಯಂತೆ ಹೊಳೆಯುತ್ತದೆ, ಯಂತ್ರದಲ್ಲಿ ಒತ್ತಿದ್ದು ಒರಟಾಗಿ ಸಪ್ಪೆ ಕಾಣುತ್ತದೆ. ಅಂಗಡಿಯವರು ಹೊಳೆಯುವುದನ್ನೇ ಮುಂದೆ ಇಡುತ್ತಾರೆ. ನಿಮಗೆ ಬೇಕಾದ್ದು ಸಪ್ಪೆಯದ್ದು. ನಾಲ್ಕು ಕಲ್ಲು ಮನೆಗೆ ತನ್ನಿ. ಚೆನ್ನಾಗಿ ಒಣಗಿಸಿ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಸರಾಸರಿ ತೂಕ ನೂರಕ್ಕೆ ಆರಕ್ಕಿಂತ ಹೆಚ್ಚು ಏರಬಾರದು. ನಾಲ್ಕು ಕಿಲೋದ ಕಲ್ಲಿಗೆ 240 ಗ್ರಾಂ. ಅದಕ್ಕಿಂತ ಹೆಚ್ಚು ನೀರು ಕುಡಿಯುವ ಕಲ್ಲು ಬೇಗ ಪಾಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ.

ಯಲಹಂಕದವರು ಹೇಳಿದ ಗ್ರಾನೈಟ್ ಬಾವಿಯ ದಾರಿಗೆ ಒಳ್ಳೆಯದೇ. ಆದರೆ ಕಾರ್ಕಳದ ಕಡೆಯ ಶಿಲೆಕಲ್ಲು, ಅದೂ ಗ್ರಾನೈಟೇ, ಪಕ್ಕದಲ್ಲಿರುವಾಗ ಘಟ್ಟದ ಮೇಲಿನಿಂದ ಲಾರಿ ಇಳಿಸುವುದು ಯಾಕೆ?

ತೋಟದಮನೆ_ಪುತ್ತೂರು:

ಕಾಲಿನಲ್ಲಿ ಮಗುಚುವ ಮಾತು ಓದಿ ಗಂಡನಿಗೆ ತೋರಿಸಿದೆ. ಮಾತಿಲ್ಲ. ಅಡಿಕೆ ಮಗುಚುವುದು ನಾನು ಮತ್ತು ಅತ್ತೆ, ಅವರಿಗೆ ಆ ಸಂದಿ ಹೇಗೆ ಗೊತ್ತಾಗಬೇಕು!

ಎರಡು ಸಂಶಯ. ನಮ್ಮ ನೆರೆಮನೆಯವರ ಕಾಂಕ್ರೀಟ್ ಅಂಗಳ ಎರಡನೇ ಬೇಸಿಗೆಗೇ ಉದ್ದುದ್ದ ಬಿರುಕು ಬಿಟ್ಟಿದೆ. ಬಿರುಕಿನಲ್ಲಿ ಗರಿಕೆ ಹುಟ್ಟಿ, ಈಗ ಅವರು ಟಾರ್ಪಾಲು ಹಾಸಿ ಅಡಿಕೆ ಹಾಕುತ್ತಾರೆ. ನಮ್ಮದೂ ಹಾಗಾದರೆ? ಎರಡನೆಯದು ಮಾವನ ಬಾವಿ. ಹಠ ಎಂದು ತಳ್ಳಿಹಾಕಲು ನನಗೂ ಮನಸ್ಸಿಲ್ಲ, ಏಪ್ರಿಲ್‌ನಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ.

ಅತ್ತೆಯದು ಇನ್ನೊಂದು ಬೇಡಿಕೆ. ತುಳಸಿಕಟ್ಟೆಯ ಸುತ್ತ ಸಗಣಿ ಸಾರಿಸಿ ರಂಗೋಲಿ ಹಾಕಲು ಮಣ್ಣು ಬೇಕಂತೆ.

ಮೂಡಬಿದ್ರೆ_ಮೇಸ್ತ್ರಿ:

ನೆರೆಮನೆಯ ಅಂಗಳ ನೋಡದೆಯೇ ಹೇಳಬಹುದು: ಸಂದು ಬಿಟ್ಟಿಲ್ಲ, ಅಥವಾ ತುಂಬಿದ ಮಣ್ಣು ಕೂರುವ ಮೊದಲೇ ಎರೆದಿದ್ದಾರೆ, ಅಥವಾ ನೀರು ಕುಡಿಸಿಲ್ಲ. ಮೂರೂ ಆಗಿರುವ ಸಂಭವವೇ ಹೆಚ್ಚು. ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ, ಅದು ಬಿರುಕು ಬಿಟ್ಟೇ ಬಿಡುತ್ತದೆ. ನಾವು ಗೆರೆ ಹಾಕಿ ಜಾಗ ತೋರಿಸಿದರೆ ಅಲ್ಲಿ ಬಿಡುತ್ತದೆ, ಇಲ್ಲವಾದರೆ ತನಗೆ ತೋಚಿದಲ್ಲಿ.

ಬಾವಿಯ ವಿಷಯದಲ್ಲಿ ನಾನು ನಿಮ್ಮ ಮಾವನ ಪಕ್ಷ. ಲೆಕ್ಕ ನೋಡಿ: 2000 ಚದರ ಅಡಿಯ ಅಂಗಳಕ್ಕೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 18 ಸಾವಿರ ಲೀಟರಿಗೂ ಹೆಚ್ಚು ನೀರು. ಜುಲೈಯಲ್ಲಿ ನಮ್ಮಲ್ಲಿ ಅಂಥ ದಿನ ಅಪರೂಪವೇನಲ್ಲ. ಹಿಂದೆ ಅದರಲ್ಲಿ ಸ್ವಲ್ಪವಾದರೂ ಇಂಗುತ್ತಿತ್ತು, ಇನ್ನು ಅಷ್ಟೂ ತೋಡಿಗೆ ಓಡುತ್ತದೆ. ಅಂಗಳಕ್ಕೆ ಹತ್ತು ಅಡಿಗೆ ಒಂದೂವರೆ ಇಂಚಿನಂತೆ ಓಟ ಕೊಡಿ, ಮನೆಯಿಂದ ಹೊರಕ್ಕೆ. ತಗ್ಗಿನ ಅಂಚಿನಲ್ಲಿ ಚರಂಡಿ, ಚರಂಡಿಯ ತುದಿಯಲ್ಲಿ ಹೂಳು ನಿಲ್ಲಲು ಸಣ್ಣ ತೊಟ್ಟಿ, ಅದರಿಂದ ಮುಂದೆ ಇಂಗುಗುಂಡಿ. ಅಂಗಳದ ನೀರನ್ನು ನೇರವಾಗಿ ಬಾವಿಗೆ ಮಾತ್ರ ಬಿಡಬೇಡಿ. ಗೇಟಿನ ಏರಿನಿಂದ ಇಳಿಯುವ ನೀರನ್ನು ಅಂಗಳ ಮುಟ್ಟುವ ಮೊದಲೇ ಅಡ್ಡ ಚರಂಡಿಯಲ್ಲಿ ಹಿಡಿಯಬೇಕು, ಮೇಲೆ ಕಬ್ಬಿಣದ ಜಾಲರಿ ಕೂರಿಸಿ.

ತುಳಸಿಕಟ್ಟೆಯ ಸುತ್ತ ನಾಲ್ಕು ಅಡಿ ಮಣ್ಣು ಬಿಡುವುದು ಕಷ್ಟವೇ ಅಲ್ಲ. ಅಂಚಿಗೆ ಒಂದು ಸಾಲು ಕಲ್ಲು ಕೂರಿಸಿ ನಿಲ್ಲಿಸಿದರಾಯಿತು. ಇಪ್ಪತ್ತು ಚೌಕಗಳ ಲೆಕ್ಕ ಅಲ್ಲಿ ಸ್ವಲ್ಪ ಕೆಡುತ್ತದೆ, ಕೆಡಲಿ.

ಕಾಸರಗೋಡು_ಮುರಕಲ್ಲು:

ಬಾವಿಯ ದಾರಿಯ ಬಗ್ಗೆ ಯಾರೂ ಕೆಂಪುಕಲ್ಲಿನ ಹೆಸರು ಎತ್ತಲಿಲ್ಲವಲ್ಲ. ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಬ್ರಿಟಿಷ್ ಸಮೀಕ್ಷಕ ಬುಕಾನನ್ 1807ರಲ್ಲಿ ಕೊಟ್ಟದ್ದು ಕೇರಳದ ಅಂಗಾಡಿಪ್ಪುರದ ಕಲ್ಲನ್ನು ನೋಡಿ. ನಮ್ಮ ಮನೆಗಳ ಗೋಡೆಯೆಲ್ಲ ಅದರದ್ದೇ. ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ನಮ್ಮ ಮನೆಯ ಮುಂದಿನ ನಡೆದಾರಿಗೆ ಅದನ್ನೇ ಹಾಸಿದ್ದೇವೆ. ಒರಟು ಮೈ, ಬರಿಗಾಲಿಗೆ ಹಿತ, ಬಿಸಿಲಿಗೂ ಅಷ್ಟಾಗಿ ಸುಡುವುದಿಲ್ಲ.

ಆದರೆ ನಿಮ್ಮ ಬಾವಿಯ ದಾರಿಗೆ ನಾನೇ ಬೇಡ ಎನ್ನುತ್ತೇನೆ. ಕೆಂಪುಕಲ್ಲಿನ ಮೈತುಂಬ ತೂತು, ನೀರು ಹೀರುತ್ತದೆ. ಹಲಸಿನ ಮರದ ನೆರಳಿನಲ್ಲಿ ಅದು ಒಣಗುವುದು ಯಾವಾಗ? ನಮ್ಮಲ್ಲೂ ಬಿಸಿಲು ಬೀಳುವ ಭಾಗ ಚೊಕ್ಕಟವಾಗಿದೆ, ಬಚ್ಚಲಿನ ಬದಿಯ ನಾಲ್ಕು ಕಲ್ಲು ಮಾತ್ರ ಮಳೆಗಾಲವಿಡೀ ಹಸಿರು. ಅಲ್ಲಿಗೆ ಉಳಿ ಹೊಡೆದ ಶಿಲೆಕಲ್ಲಿನ ಚಪ್ಪಡಿಯೇ ಸರಿ, ಉಳಿಯ ಗುರುತು ಕಾಲಿಗೆ ಸಿಗುವಂತಿರಲಿ. ಸಿಮೆಂಟು ಹಾಕಿ ಕೂರಿಸಬೇಡಿ, ಮರಳಿನ ಮೇಲೆ ಬಿಡಿಬಿಡಿಯಾಗಿ ಇಡಿ. ಹಲಸಿನ ಬೇರು ಎತ್ತಿದರೆ ಆ ಒಂದು ಚಪ್ಪಡಿಯನ್ನು ಎಬ್ಬಿಸಿ, ಮರಳು ಸರಿಪಡಿಸಿ ಮತ್ತೆ ಇಡಬಹುದು.

ಪಾಚಿಗೆ ಆಸಿಡ್ ಸುರಿಯುವ ಅಭ್ಯಾಸ ಕೆಲವರಿಗಿದೆ. ಇಂಟರ್‌ಲಾಕಿನ ಮೇಲೆ ಸುರಿದರೆ ಪಾಚಿಯ ಜೊತೆ ಸಿಮೆಂಟೂ ಕರಗುತ್ತದೆ. ಬಾವಿಯ ಹತ್ತಿರವಂತೂ ಯಾವ ಔಷಧವೂ ಬೇಡ. ಗಟ್ಟಿ ಹಿಡಿಸೂಡಿ ಸಾಕು. ಹಲಸಿನ ಎರಡು ಕೊಂಬೆ ಕಡಿಸಿ ಸ್ವಲ್ಪ ಬಿಸಿಲು ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ತೋಟದಮನೆ_ಪುತ್ತೂರು:

ಕೊಂಬೆ ಕಡಿಸುವ ಮಾತನ್ನು ಮಾವನ ಎದುರು ಎತ್ತುವ ಧೈರ್ಯ ನನಗಿಲ್ಲ, ಅದು ಅವರ ತಂದೆ ನೆಟ್ಟ ಮರ. ಉಳಿದದ್ದೆಲ್ಲ ಒಪ್ಪಿಗೆಯಾಗುವಂತಿದೆ. ಇಂಗುಗುಂಡಿಯ ಲೆಕ್ಕ ಕೇಳಿದ ಮೇಲೆ ಮಾವ, ಹಾಗಾದರೆ ಎರಡು ತೋಡಿಸಿ ಎಂದರು.

ಕೆಲಸ ಯಾವಾಗ ಶುರು ಮಾಡಲಿ? ದೀಪಾವಳಿ ಕಳೆದರೆ ಅಂಗಳಕ್ಕೆ ಅಡಿಕೆ ಬೀಳುತ್ತದೆ. ಕೊನೆಯ ಕೊಯ್ಲು ಒಣಗಿ ಏಳುವಾಗ ಏಪ್ರಿಲ್, ಆಗ ಬಾವಿಯಲ್ಲಿ ನೀರಿಲ್ಲ.

ಮೂಡಬಿದ್ರೆ_ಮೇಸ್ತ್ರಿ:

ಒಂದೇ ವರ್ಷದಲ್ಲಿ ಎಲ್ಲ ಮುಗಿಸುವ ಆಸೆ ಬಿಡಿ. ಮಳೆ ನಿಂತ ಕೂಡಲೇ, ಬಾವಿ ತುಂಬಿರುವಾಗ ಅರ್ಧ ಅಂಗಳದ ಹತ್ತು ಚೌಕ ಎರೆಸಿ. ಕಡಿಮೆಯೆಂದರೂ ಹತ್ತು ದಿನ ನೀರು ನಿಲ್ಲಿಸಬೇಕು, ಸುತ್ತ ಮಣ್ಣಿನ ಕಟ್ಟ ಕಟ್ಟಿ ನೀರು ತುಂಬಿಸಿಟ್ಟರೆ ದಿನವೂ ಪೈಪು ಹಿಡಿಯುವುದು ತಪ್ಪುತ್ತದೆ. ಈ ವರ್ಷದ ಮೊದಲ ಕೊಯ್ಲು ಉಳಿದರ್ಧ ಮಣ್ಣಿನಲ್ಲೇ ಒಣಗಲಿ. ಹೊಸ ಕಾಂಕ್ರೀಟಿನ ಮೇಲೆ ಒಂದು ತಿಂಗಳು ಕಳೆದ ಮೇಲೆ ಹರಡಿ. ಇನ್ನರ್ಧ ಮುಂದಿನ ವರ್ಷಕ್ಕೆ. ಎರಡೂ ಭಾಗ ಕೂಡುವಲ್ಲಿ ಹೇಗೂ ಸಂದು ಬರುವುದರಿಂದ ಅಡ್ಡಿಯಿಲ್ಲ.

ಇಂಟರ್‌ಲಾಕಿಗೆ ಹೆಚ್ಚು ನೀರು ಬೇಡ, ಬೀಮಿಗೂ ಕರ್ಬಿಗೂ ಬೇಕಾದಷ್ಟೇ. ಗೇಟಿನ ದಾರಿಯನ್ನು ಏಪ್ರಿಲ್‌ನಲ್ಲಿ, ಅಡಿಕೆ ಸಾಗಿಸಿ ಆದ ಮೇಲೆ ಹಿಡಿಯಬಹುದು. ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು, ಸಂದಿಗೆ ಮರಳು ತುಂಬಿ, ಕಂಪ್ಯಾಕ್ಟರ್ ಓಡಿಸಿ ಮುಗಿದಿರಬೇಕು. ಬಾವಿಯ ದಾರಿಯ ಚಪ್ಪಡಿ ಯಾವಾಗ ಬೇಕಾದರೂ ಆಗುತ್ತದೆ. ನಾನಾದರೆ ಅದನ್ನೇ ಮೊದಲು ಮಾಡಿಸುತ್ತೇನೆ. ಅಂಗಳ ಇನ್ನೊಂದು ವರ್ಷ ಕಾದರೂ ನಡೆಯುತ್ತದೆ, ನಿಮ್ಮ ಅತ್ತೆ ಇವತ್ತೂ ಅಲ್ಲೇ ಓಡಾಡುತ್ತಿದ್ದಾರೆ.