ಕೀಳಿಸಿದ ಹಲ್ಲಿನ ಜಾಗಕ್ಕೆ ಇಂಪ್ಲಾಂಟೋ, ಬ್ರಿಡ್ಜೋ, ಸೆಟ್ಟೋ?

ಕರಾವಳಿಯ ನಮ್ಮ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ದಂತ ವೈದ್ಯರ ಉತ್ತರಗಳು.

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ): ಡಾಕ್ಟರೇ, ನಮಸ್ಕಾರ. ನನ್ನ ಅಮ್ಮನಿಗೆ 64 ವರ್ಷ. ಕೆಳದವಡೆಯ ಬಲಬದಿಯ ಕೊನೆಯ ಎರಡು ದವಡೆ ಹಲ್ಲುಗಳನ್ನು ನಾಲ್ಕು ವರ್ಷಗಳ ಹಿಂದೆ ಕೀಳಿಸಿದ್ದೆವು. ಈಗ ಎಲ್ಲವನ್ನೂ ಎಡಗಡೆಯಲ್ಲೇ ಅಗಿಯುತ್ತಾರೆ. ಕೋರಿ ರೊಟ್ಟಿ ಸಾರಿನಲ್ಲಿ ಪೂರ್ತಿ ನೆನೆದ ಮೇಲೆಯೇ ಬಾಯಿಗೆ ಹಾಕುತ್ತಾರೆ. ಕೆಳಗಿನ ಮುಂದಿನ ಹಲ್ಲುಗಳು ಸ್ವಲ್ಪ ಅಲುಗಾಡುತ್ತಿವೆ, ಉಜ್ಜುವಾಗ ರಕ್ತ ಬರುತ್ತದೆ. ಸಕ್ಕರೆ ಕಾಯಿಲೆ ಇದೆ, ಕಳೆದ ಸಲ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) 8.9 ಇತ್ತು. ಉಡುಪಿಯ ಒಂದು ಕ್ಲಿನಿಕ್‌ನಲ್ಲಿ ಎರಡು ಇಂಪ್ಲಾಂಟ್ (ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು) ಹಾಕಿಸಿ ಎಂದರು. ಮಂಗಳೂರಿನ ಇನ್ನೊಂದು ಕಡೆ, ಉಳಿದ ಹಲ್ಲುಗಳನ್ನೆಲ್ಲ ತೆಗೆದು ಮೂರೇ ದಿನಗಳಲ್ಲಿ ಬಾಯಿ ತುಂಬ ಗಟ್ಟಿ ಹಲ್ಲು ಕೂರಿಸುತ್ತೇವೆ, ಈ ವಾರ ಮುಂಗಡ ಕಟ್ಟಿದರೆ ರಿಯಾಯಿತಿ ಎಂದರು. ಅಮ್ಮ ಮಾತ್ರ ತೆಗೆದು ಹಾಕುವ ಸೆಟ್ಟು ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಮಸ್ಕಾರ. ಮೊದಲು ಒಂದು ಮಾತು: ಮುಂಗಡ ಕಟ್ಟಬೇಡಿ. ಹಲ್ಲಿನ ವಿಷಯದಲ್ಲಿ ಒಂದು ವಾರದೊಳಗೆ ತೀರ್ಮಾನಿಸಲೇಬೇಕಾದದ್ದು ನೋವು, ಊತ, ಕೀವು ಇದ್ದಾಗ ಮಾತ್ರ. ನಿಮ್ಮ ಅಮ್ಮನಿಗೆ ಅದು ಯಾವುದೂ ಇಲ್ಲ.

ನೀವು ಕೇಳಿದ್ದು ಬಿದ್ದ ಎರಡು ಹಲ್ಲುಗಳ ಬಗ್ಗೆ. ನನ್ನ ಚಿಂತೆ ಇರುವುದು ಉಳಿದವುಗಳ ಬಗ್ಗೆ. ಉಜ್ಜುವಾಗ ರಕ್ತ, ಮುಂದಿನ ಹಲ್ಲುಗಳ ಅಲುಗಾಟ, ಹತೋಟಿಗೆ ಬಾರದ ಸಕ್ಕರೆ ಮೂರನ್ನೂ ಸೇರಿಸಿ ನೋಡಿದರೆ ವಸಡಿನ ರೋಗ ಇರುವ ಸಾಧ್ಯತೆ ದೊಡ್ಡದು. ಹಲ್ಲನ್ನು ಹಿಡಿದಿರುವ ಮೂಳೆಯನ್ನು ಒಳಗಿಂದ ತಿನ್ನುವ ಅದೇ ಸೋಂಕು ನಾಳೆ ಇಂಪ್ಲಾಂಟ್‌ನ ಸುತ್ತಲಿನ ಮೂಳೆಯನ್ನೂ ತಿನ್ನುತ್ತದೆ. ಆದ್ದರಿಂದ ಮೊದಲು ವಸಡಿನ ತಜ್ಞರನ್ನು ಕಾಣಿ. ಅವರು ಸಣ್ಣ ಗೆರೆಗಳಿರುವ ತೆಳು ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಇಳಿಸಿ, ವಸಡು ಎಷ್ಟು ಮಿಲಿಮೀಟರ್ ಬಿಟ್ಟುಕೊಂಡಿದೆ ಎಂದು ಅಳೆದು ಬರೆದುಕೊಳ್ಳುತ್ತಾರೆ. ಮೂರು ಮಿಲಿಮೀಟರಿನವರೆಗೆ ಚಿಂತೆಯಿಲ್ಲ. ಆರು, ಏಳು ಎಂದರೆ ಬೇರಿನವರೆಗೆ ಶುಚಿ ಮಾಡಬೇಕು. ಈ ಅಳತೆಯನ್ನೇ ತೆಗೆದುಕೊಳ್ಳದೆ ಎಲ್ಲ ಹಲ್ಲುಗಳನ್ನೂ ಕೀಳೋಣ ಎಂದವರ ಮಾತನ್ನು ದಯವಿಟ್ಟು ಒಪ್ಪಬೇಡಿ. ಸ್ವಲ್ಪ ಅಲುಗಾಡುವ ಹಲ್ಲುಗಳು ಚಿಕಿತ್ಸೆಯ ನಂತರ ಬಿಗಿಯಾಗಿ ವರ್ಷಗಟ್ಟಲೆ ಬಾಳಿದ್ದನ್ನು ನಾನು ನೋಡುತ್ತಲೇ ಇದ್ದೇನೆ. ವಸಡು ವಾಸಿಯಾದರೆ ಸಕ್ಕರೆಯ ಮಟ್ಟವೂ ಸ್ವಲ್ಪ ಇಳಿಯುತ್ತದೆ, ಅದು ಎರಡನೆಯ ಲಾಭ.

ಮಂಗಳೂರಿನವರು ಹೇಳಿದ್ದು ಬಹುಶಃ ನಾಲ್ಕು ಇಂಪ್ಲಾಂಟ್‌ಗಳ ಮೇಲೆ ಇಡೀ ಸಾಲು ಹಲ್ಲು ಕೂರಿಸುವುದನ್ನು. ಅದು ಒಳ್ಳೆಯ ವಿಧಾನವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಪೋರ್ಚುಗಲ್‌ನ ವೈದ್ಯರು 1990ರ ದಶಕದಲ್ಲಿ ಬೆಳೆಸಿದ ವಿಧಾನ ಅದು. ಹಿಂಬದಿಯ ಎರಡನ್ನು ಓರೆಯಾಗಿ ಕೂರಿಸುವುದರಿಂದ ಮೇಲ್ದವಡೆಯ ಮೇಲಿರುವ ಸೈನಸ್ ಎಂಬ ಗಾಳಿಗೂಡನ್ನೂ ಕೆಳದವಡೆಯ ನರವನ್ನೂ ತಪ್ಪಿಸಬಹುದು. ಆದರೆ ಅದು ಹಲ್ಲೇ ಇಲ್ಲದವರಿಗೆ, ಅಥವಾ ಇರುವ ಹಲ್ಲುಗಳು ಉಳಿಯುವ ಸ್ಥಿತಿಯನ್ನು ದಾಟಿಹೋದವರಿಗೆ. ಎರಡು ಹಲ್ಲು ಬಿದ್ದಿದೆ ಎಂದು ಇಪ್ಪತ್ತಕ್ಕೂ ಹೆಚ್ಚು ಹಲ್ಲುಗಳನ್ನು ಕಿತ್ತು ಹಾಕುವುದಕ್ಕಲ್ಲ.

ಇನ್ನು ಆ ಎರಡು ಹಲ್ಲುಗಳು. ಅಲ್ಲಿ ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸುವ ಹಲ್ಲಿನ ಸೇತುವೆ, ಆಗುವುದಿಲ್ಲ. ಬ್ರಿಡ್ಜ್‌ಗೆ ಖಾಲಿ ಜಾಗದ ಎರಡೂ ಬದಿಯಲ್ಲಿ ಆಸರೆ ಹಲ್ಲು ಬೇಕು, ನಿಮ್ಮ ಅಮ್ಮನಿಗೆ ಹಿಂದೆ ಹಲ್ಲೇ ಇಲ್ಲ. ಉಳಿಯುವ ದಾರಿಗಳು ಮೂರು.

ಒಂದು, ಏನೂ ಮಾಡದೆ ಬಿಡುವುದು. ಇದನ್ನೂ ಒಂದು ಆಯ್ಕೆಯಾಗಿ ಹೇಳುತ್ತಿದ್ದೇನೆ. ಮೇಲೆ ಹತ್ತು, ಕೆಳಗೆ ಹತ್ತು ಹಲ್ಲುಗಳು ಎದುರುಬದುರು ಸರಿಯಾಗಿ ಕೂಡಿದರೆ ಹೆಚ್ಚಿನವರು ಸಮಾಧಾನವಾಗಿ ಊಟ ಮಾಡುತ್ತಾರೆ. ಆದರೆ ನಿಮ್ಮ ಅಮ್ಮ ಕಷ್ಟಪಡುತ್ತಿದ್ದಾರೆ, ಹಾಗಾಗಿ ಅವರಿಗೆ ಇದು ಸಾಲದು.

ಎರಡು, ತೆಗೆದು ಹಾಕುವ ಸೆಟ್ಟು. ಖರ್ಚು ಕಡಿಮೆ, ಶಸ್ತ್ರಚಿಕಿತ್ಸೆ ಇಲ್ಲ. ತೊಂದರೆ ಏನೆಂದರೆ ಹಿಂದೆ ಆಸರೆ ಇಲ್ಲದ ಸೆಟ್ಟು ಅಗಿಯುವಾಗ ವಸಡಿನ ಮೇಲೆ ಒತ್ತುತ್ತದೆ, ಕೊಕ್ಕೆ ಹಾಕಿದ ಹಲ್ಲನ್ನು ಎಳೆಯುತ್ತದೆ. ಒಂದೇ ಬದಿಯ ಎರಡು ಹಲ್ಲುಗಳಿಗಾಗಿ ಮಾಡಿಸಿದ ಸೆಟ್ಟುಗಳಲ್ಲಿ ಬಹಳಷ್ಟು ಕೊನೆಗೆ ಮೇಜಿನ ಡ್ರಾಯರ್ ಸೇರುತ್ತವೆ.

ಮೂರು, ಇಂಪ್ಲಾಂಟ್. ಮೂಳೆಯ ಅಳತೆ, ಸಕ್ಕರೆ, ವಸಡು ಮೂರೂ ಸರಿಬಂದರೆ ನಾನು ಹೇಳುವುದು ಇದನ್ನೇ. ಆದರೆ ಎರಡು ಬೇಕೇ ಎಂದು ಕೇಳಿ. ಮೊದಲ ದವಡೆ ಹಲ್ಲಿನ ಜಾಗಕ್ಕೆ ಒಂದೇ ಒಂದು ಹಾಕಿದರೂ ಆ ಬದಿಯಲ್ಲಿ ಅಗಿಯಲು ಆಗುತ್ತದೆ. ಕೊನೆಯ ಹಲ್ಲಿನ ಜಾಗ ಬ್ರಷ್ ತಲುಪಲು ಕಷ್ಟವಾದ ಮೂಲೆ, 64ರಲ್ಲಿ ಇರುವ ಕೈಚಳಕ 80ರಲ್ಲಿ ಇರುವುದಿಲ್ಲ. ದಿನವೂ ಸ್ವಚ್ಛವಾಗಿಡಲು ಆಗುವಂಥದ್ದನ್ನೇ ಕಟ್ಟಿಸಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಅದಕ್ಕಿಂತ ಹೆಚ್ಚಿನದನ್ನು ಕಟ್ಟಿಸಿದರೆ ದುಡ್ಡಿಗೂ ನಷ್ಟ, ಮೂಳೆಗೂ ನಷ್ಟ.

ಅದಕ್ಕೆ ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂಳೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್‌ರೇ) ಬೇಕು. ಹಲ್ಲು ಕೀಳಿಸಿದ ಒಂದು ವರ್ಷದಲ್ಲಿ ಆ ಜಾಗದ ಮೂಳೆಯ ಅಗಲ ಸುಮಾರು ಅರ್ಧದಷ್ಟು ಸವೆಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ನಿಮ್ಮಲ್ಲಿ ನಾಲ್ಕು ವರ್ಷ ಕಳೆದಿದೆ. ಕೆಳದವಡೆಯ ಒಳಗೆ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಇಂಪ್ಲಾಂಟ್‌ನ ತುದಿ ಅದರಿಂದ ಕನಿಷ್ಠ 2 ಮಿಲಿಮೀಟರ್ ದೂರ ನಿಲ್ಲಬೇಕು, ಇಲ್ಲವಾದರೆ ತುಟಿ ಮರಗಟ್ಟಿದಂತೆಯೇ ಉಳಿದುಬಿಡಬಹುದು. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಇನ್ನೊಂದನ್ನು ನೀವೇ ಮನೆಯಲ್ಲಿ ನೋಡಬಹುದು: ಅಮ್ಮ ಹಲ್ಲು ಕಚ್ಚಿದಾಗ ಬಲಗೆನ್ನೆಯನ್ನು ಚಮಚದ ಹಿಡಿಯಿಂದ ಸರಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಮೇಲಿನ ದವಡೆ ಹಲ್ಲು ಅದರ ಪಕ್ಕದ ಹಲ್ಲುಗಳಿಗಿಂತ ಕೆಳಕ್ಕೆ ಇಳಿದಿದೆಯೇ? ಎದುರು ಹಲ್ಲು ಇಲ್ಲದಿದ್ದರೆ ಅದು ನಿಧಾನವಾಗಿ ಇಳಿಯುತ್ತದೆ, ಆಗ ಹೊಸ ಹಲ್ಲಿಗೆ ಎತ್ತರವೇ ಸಿಗುವುದಿಲ್ಲ.

ಸಕ್ಕರೆಯ ವಿಷಯ: ಎಚ್‌ಬಿಎ1ಸಿ 7ರ ಆಸುಪಾಸಿಗೆ ಬಂದರೆ ಒಳ್ಳೆಯದು, 8ಕ್ಕಿಂತ ಮೇಲಿದ್ದರೆ ನಾನು ಕಾಯಲು ಹೇಳುತ್ತೇನೆ.

ಪ್ರಶ್ನೆ (ಸುರತ್ಕಲ್‌ನ ಸದಸ್ಯ): ಸರ್, ಒಂದು ಕಡೆ 28 ಸಾವಿರ, ಇನ್ನೊಂದು ಕಡೆ 48 ಸಾವಿರ ಹೇಳಿದರು, ಎರಡೂ ಒಂದೇ ಹಲ್ಲಿಗೆ. ಕೊರಿಯಾದ್ದು, ಸ್ವಿಟ್ಜರ್ಲೆಂಡ್‌ದು ಎಂದೆಲ್ಲ ಹೇಳುತ್ತಾರೆ. ವ್ಯತ್ಯಾಸ ನಿಜವಾಗಿಯೂ ಇದೆಯೇ?

ಉತ್ತರ: ಮೊದಲು ಆ ಎರಡು ಮೊತ್ತಗಳಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ಕೂರುವ ತಿರುಪು ಮಾತ್ರ. ಅದರ ಮೇಲೆ ವಸಡನ್ನು ದಾಟಿ ಬರುವ ಅಬಟ್‌ಮೆಂಟ್ ಎಂಬ ಕಂಬ ಬೇರೆ, ಅದರ ಮೇಲಿನ ಕ್ಯಾಪ್ ಬೇರೆ. ಸ್ಕ್ಯಾನ್ ಬೇರೆ, ಮೂಳೆ ಕಡಿಮೆ ಇದ್ದರೆ ತುಂಬಿಸುವ ಪುಡಿಯ ಖರ್ಚೂ ಬೇರೆ. ಕಡಿಮೆ ದರ ಹೇಳಿದವರು ಕೆಲವೊಮ್ಮೆ ತಿರುಪಿನ ಬೆಲೆಯನ್ನಷ್ಟೇ ಹೇಳಿರುತ್ತಾರೆ.

ಕಂಪನಿಯ ಬಗ್ಗೆ: ಸ್ಟ್ರಾಮನ್ ಸ್ವಿಟ್ಜರ್ಲೆಂಡ್‌ನದು, ಆಸ್ಟೆಮ್ ಕೊರಿಯಾದ್ದು, ನಮ್ಮ ದೇಶದಲ್ಲಿ ತಯಾರಾಗುವವೂ ಇವೆ. ಮೂಲದ್ರವ್ಯ ಬಹುತೇಕ ಎಲ್ಲದರಲ್ಲೂ ಟೈಟಾನಿಯಮ್ಮೇ. ಮೂಳೆ ಈ ಲೋಹವನ್ನು ಪರಕೀಯ ಎಂದು ತಳ್ಳದೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್‌ನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಕಾಲಿನ ಮೂಳೆಯ ಅಧ್ಯಯನದಲ್ಲಿ ಗಮನಿಸಿದರು. 1965ರಲ್ಲಿ ಮೊದಲ ಬಾರಿ ಮನುಷ್ಯನ ದವಡೆಗೆ ಹಾಕಿದರು. ಈಗಿನ ಕಂಪನಿಗಳ ವ್ಯತ್ಯಾಸ ಇರುವುದು ತಿರುಪಿನ ಮೇಲ್ಮೈಯನ್ನು ಒರಟಾಗಿಸುವ ರೀತಿಯಲ್ಲಿ, ಜೋಡಣೆಯ ನಿಖರತೆಯಲ್ಲಿ, ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಎಷ್ಟಿವೆ ಎಂಬುದರಲ್ಲಿ.

ನಮ್ಮ ಕರಾವಳಿಯವರಿಗೆ ನಾನು ಒತ್ತಿ ಹೇಳುವುದು ಇನ್ನೊಂದನ್ನು. ನಮ್ಮಲ್ಲಿ ಅರ್ಧ ಮನೆಗಳವರು ಮುಂಬಯಿಯಲ್ಲಿ, ದುಬೈಯಲ್ಲಿ, ಕುವೈತ್‌ನಲ್ಲಿ ಇದ್ದಾರೆ. ಹತ್ತು ವರ್ಷ ಬಿಟ್ಟು ಅಲ್ಲಿ ಒಂದು ಸಣ್ಣ ಸ್ಕ್ರೂ ಸಡಿಲವಾದರೆ, ಬಾಯಿಯಲ್ಲಿರುವುದು ಯಾವ ಕಂಪನಿಯ ಯಾವ ಅಳತೆಯದು ಎಂದು ಗೊತ್ತಿಲ್ಲದೆ ಅಲ್ಲಿನ ವೈದ್ಯರು ಸರಿಪಡಿಸುವುದು ಹೇಗೆ? ಪ್ರತಿ ಇಂಪ್ಲಾಂಟ್‌ನ ಡಬ್ಬಿಯ ಮೇಲೆ ಕಂಪನಿ, ಅಳತೆ, ತಯಾರಿಕೆಯ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೊಡಲು ಹಿಂದೆಮುಂದೆ ನೋಡುವ ಕಡೆ ಹಾಕಿಸಬೇಡಿ.

ಖರ್ಚು ಹೊರೆಯಾದರೆ ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ವೈದ್ಯಕೀಯ ಕಾಲೇಜುಗಳನ್ನು ಮರೆಯಬೇಡಿ. ಅಲ್ಲಿ ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ವಸಡಿನ ತಜ್ಞರು, ಶಸ್ತ್ರಚಿಕಿತ್ಸಕರು, ಹಲ್ಲು ಕಟ್ಟುವವರು ಒಂದೇ ಸೂರಿನಡಿ ಸಿಗುತ್ತಾರೆ.

ಪ್ರಶ್ನೆ (ಅಬುಧಾಬಿಯಿಂದ, ಊರು ಕಾಪು): ನನಗೆ ಒಂದು ತಿಂಗಳ ರಜೆ. ಮೇಲಿನ ದವಡೆ ಹಲ್ಲು ಒಂದು ಇಲ್ಲ. ಬಂದಾಗಲೇ ಇಂಪ್ಲಾಂಟ್, ಕ್ಯಾಪ್ ಎರಡನ್ನೂ ಮುಗಿಸಿ ಹೋಗಬಹುದೇ?

ಉತ್ತರ: ದವಡೆ ಹಲ್ಲಿಗೆ ಆ ಅವಸರ ಬೇಡ. ತಿರುಪು ಮೂಳೆಗೆ ಬೆಸೆಯಲು ಸಾಮಾನ್ಯವಾಗಿ ಕೆಳದವಡೆಯಲ್ಲಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಮೇಲ್ದವಡೆಯ ಹಿಂಭಾಗದ ಮೂಳೆ ಮೃದು, ಅಲ್ಲಿ ಇನ್ನೂ ಹೆಚ್ಚು. ಅಷ್ಟರೊಳಗೆ ಅಗಿಯುವ ಭಾರ ಬಿದ್ದು ತಿರುಪು ಕದಲಿದರೆ ಬೆಸುಗೆಯೇ ಆಗುವುದಿಲ್ಲ. ಈ ರಜೆಯಲ್ಲಿ ಬಂದ ವಾರವೇ ತಿರುಪು ಹಾಕಿಸಿ, ಹೊಲಿಗೆ ಬಿಚ್ಚಿಸಿ, ಒಮ್ಮೆ ತೋರಿಸಿ ಹೊರಡಿ. ಮುಂದಿನ ರಜೆಯಲ್ಲಿ ಕ್ಯಾಪ್. ವಸಡಿನಡಿ ಮುಚ್ಚಿಟ್ಟ ತಿರುಪು ಒಂದು ವರ್ಷ ಹಾಗೇ ಇದ್ದರೂ ಕೆಡುವುದಿಲ್ಲ. ಸೈನಸ್ ತಳವನ್ನು ಎತ್ತಿ ಮೂಳೆ ತುಂಬಿಸಬೇಕಾಗಿ ಬಂದರೆ ವಿಮಾನ ಪ್ರಯಾಣ ಯಾವಾಗ ಎಂದು ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಿಸಿ.

ಕ್ಯಾಪ್ ಮಾಡಿಸುವಾಗ, ಆಗುವುದಾದರೆ ಸ್ಕ್ರೂ ಮೂಲಕ ಬಿಗಿಯುವಂಥದ್ದನ್ನು ಕೇಳಿ. ಅಂಟಿನಿಂದ ಕೂರಿಸಿದ ಕ್ಯಾಪ್‌ನ ಅಂಚಿನಲ್ಲಿ ಅಂಟು ವಸಡಿನೊಳಗೆ ಉಳಿದರೆ ಅದೇ ಸೋಂಕಿಗೆ ದಾರಿ. ಸ್ಕ್ರೂ ಇದ್ದರೆ ಬೇಕಾದಾಗ ಬಿಚ್ಚಿ ತೊಳೆದು ಮತ್ತೆ ಹಾಕಬಹುದು.

ಪ್ರಶ್ನೆ (ಕಾರ್ಕಳದ ಸದಸ್ಯೆ): ನಮ್ಮ ಮಾವನವರಿಗೆ 73. ಹಲ್ಲು ಒಂದೂ ಇಲ್ಲ. ಮೇಲಿನ ಸೆಟ್ಟು ಸರಿ ಇದೆ, ಕೆಳಗಿನದ್ದು ಮಾತನಾಡಿದರೂ ಎದ್ದು ಬರುತ್ತದೆ. ಹೃದಯದ ತೊಂದರೆಗೆ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಲೆ ಅಡಿಕೆ ಬಿಡುವುದಿಲ್ಲ.

ಉತ್ತರ: ನನಗೆ ತುಂಬ ಇಷ್ಟವಾದ ಚಿಕಿತ್ಸೆ ಇರುವುದೇ ಇಂಥವರಿಗೆ. ಕೆಳದವಡೆಯ ಮುಂಭಾಗದಲ್ಲಿ, ಕೋರೆಹಲ್ಲುಗಳ ಜಾಗದಲ್ಲಿ, ಎರಡೇ ಎರಡು ಇಂಪ್ಲಾಂಟ್. ಅವುಗಳ ತಲೆಗೆ ಗುಂಡಿಯಂಥ ಹಿಡಿಕೆ, ಸೆಟ್ಟಿನ ಒಳಮೈಯಲ್ಲಿ ಅದಕ್ಕೆ ಹೊಂದುವ ಬಳೆ. ಹಾಕುವಾಗ ಟಪ್ಪೆಂದು ಕೂರುತ್ತದೆ, ರಾತ್ರಿ ತೆಗೆದು ತೊಳೆದಿಡಬಹುದು. ಆ ಜಾಗದಲ್ಲಿ ಮೂಳೆ ವಯಸ್ಸಾದ ಮೇಲೂ ಸಾಮಾನ್ಯವಾಗಿ ಉಳಿದಿರುತ್ತದೆ, ಪ್ರಮುಖ ನರ ಅಲ್ಲಿಂದ ಹಿಂದೆಯೇ ಹೊರಬಿದ್ದಿರುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಿ ನೀಡಬೇಕಾದದ್ದು ಇದನ್ನೇ ಎಂದು ಒಮ್ಮತಕ್ಕೆ ಬಂದರು. ಆ ಬಳೆ ಕಾಲಕ್ರಮೇಣ ಸವೆಯುತ್ತದೆ, ಬದಲಿಸುವುದು ಕೆಲವು ನಿಮಿಷಗಳ ಕೆಲಸ. ಈಗಿರುವ ಸೆಟ್ಟು ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದಕ್ಕೇ ಬಳೆ ಕೂರಿಸಬಹುದು.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಲ್ಲಿನ ಕೆಲಸಕ್ಕೆಂದು ಅದನ್ನು ನಿಲ್ಲಿಸಿ ಹೃದಯಾಘಾತಕ್ಕೆ ಒಳಗಾಗುವುದಕ್ಕಿಂತ ಸ್ವಲ್ಪ ಹೆಚ್ಚು ರಕ್ತ ಬರುವುದೇ ಮೇಲು, ಆ ರಕ್ತವನ್ನು ನಾವು ನಿಲ್ಲಿಸಬಲ್ಲೆವು. ಹೃದಯ ತಜ್ಞರ ಚೀಟಿ ತನ್ನಿ.

ಎಲೆ ಅಡಿಕೆಯ ಬಗ್ಗೆ ಮಾವನವರ ಹತ್ತಿರ ನೇರವಾಗಿ ಎರಡು ಪ್ರಶ್ನೆ ಕೇಳಿ. ಹೊಗೆಸೊಪ್ಪು ಸೇರಿಸುತ್ತಾರೆಯೇ? ಹೊಗೆಸೊಪ್ಪಿನಿಂದ ಗಾಯ ಒಣಗುವುದು ತಡವಾಗುತ್ತದೆ, ಇಂಪ್ಲಾಂಟ್ ಸೋಲುವ ಸಂಭವ ಏರುತ್ತದೆ. ಬಾಯಿ ಪೂರ್ತಿ ತೆರೆಯಲು ಆಗುತ್ತದೆಯೇ? ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ಬಿಳಿಚಿಕೊಂಡು ನಾರುಗಟ್ಟುತ್ತದೆ. ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ಜಾಗದ ನಡುವೆ ತೂರಿಸಲು ಆಗದಿದ್ದರೆ ಇಂಪ್ಲಾಂಟ್‌ನ ಮಾತು ಆಮೇಲೆ. ಮೊದಲು ಬಾಯಿಯ ರೋಗಗಳ ತಜ್ಞರು ನೋಡಲಿ, ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ.

ಪ್ರಶ್ನೆ (ಮಣಿಪಾಲದ ವಿದ್ಯಾರ್ಥಿ): ಇಂಪ್ಲಾಂಟ್ ಇದ್ದವರು ಎಂಆರ್‌ಐ ಮಾಡಿಸಬಹುದೇ? ಪಿಂಗಾಣಿಯಂಥ ಬಿಳಿಯ ಜಿರ್ಕೋನಿಯಾದ ಇಂಪ್ಲಾಂಟ್ ಟೈಟಾನಿಯಮ್‌ಗಿಂತ ಒಳ್ಳೆಯದೇ?

ಉತ್ತರ: ಎಂಆರ್‌ಐ ಮಾಡಿಸಬಹುದು, ಟೈಟಾನಿಯಮ್ ಅನ್ನು ಅಯಸ್ಕಾಂತ ಎಳೆಯುವುದಿಲ್ಲ. ದವಡೆಯ ಸುತ್ತ ಚಿತ್ರ ಸ್ವಲ್ಪ ಮಸುಕಾಗುತ್ತದೆ, ಅಷ್ಟೇ. ಮೇಲೆ ಹೇಳಿದ ಸೆಟ್ಟು ಇದ್ದರೆ ತೆಗೆದಿಟ್ಟು ಹೋಗಿ, ಆಯಸ್ಕಾಂತದ ಹಿಡಿಕೆ ಇರುವವರು ಮೊದಲೇ ತಿಳಿಸಿ. ಜಿರ್ಕೋನಿಯಾ, ತೆಳು ವಸಡಿನ ಮುಂದಿನ ಹಲ್ಲಿಗೆ ಚೆಂದ ಕಾಣುತ್ತದೆ, ಆದರೆ ದೀರ್ಘಕಾಲದ ಅನುಭವ ಟೈಟಾನಿಯಮ್‌ಗೇ ಹೆಚ್ಚು. ದವಡೆಗೆ ನಾನು ಟೈಟಾನಿಯಮ್ಮನ್ನೇ ಹಾಕುತ್ತೇನೆ.

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ): ತುಂಬ ಉಪಕಾರವಾಯಿತು ಡಾಕ್ಟರೇ. ಮುಂಗಡ ಕಟ್ಟುವುದಿಲ್ಲ ಎಂದು ಹೇಳಿಬಿಟ್ಟೆ. ಒಮ್ಮೆ ಹಾಕಿಸಿದ ಮೇಲೆ ಜೀವನಪೂರ್ತಿ ಚಿಂತೆಯಿಲ್ಲ ಎನ್ನುತ್ತಾರಲ್ಲ, ನಿಜವೇ? ವೈದ್ಯರ ಬಳಿ ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಉತ್ತರ: ಚಿಂತೆಯಿಲ್ಲ ಎನ್ನಲು ಆಗುವುದಿಲ್ಲ. ಹತ್ತು ವರ್ಷಗಳ ನಂತರವೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಬಾಯಿಯಲ್ಲಿ ಉಳಿದಿರುತ್ತವೆ, ಅದು ದೊಡ್ಡ ಮಾತು. ಆದರೆ ಸ್ವಂತ ಹಲ್ಲು ಮೂಳೆಯಲ್ಲಿ ಸೂಕ್ಷ್ಮ ನಾರುಗಳ ನಡುವೆ ಜೋಲಿಯಲ್ಲಿ ಮಲಗಿದ ಹಾಗೆ ಇರುತ್ತದೆ, ಹೆಚ್ಚು ಒತ್ತಿದರೆ ತಕ್ಷಣ ತಿಳಿಯುತ್ತದೆ. ಇಂಪ್ಲಾಂಟ್‌ಗೆ ಆ ನಾರುಗಳಿಲ್ಲ, ಸುತ್ತ ಸೋಂಕಾದರೂ ಬಹುಕಾಲ ನೋಯುವುದಿಲ್ಲ. ನೋವಿಲ್ಲ ಎಂದು ತಪಾಸಣೆ ತಪ್ಪಿಸಬೇಡಿ. ಆರು ತಿಂಗಳಿಗೊಮ್ಮೆ ತೋರಿಸಬೇಕು, ದಿನಕ್ಕೊಮ್ಮೆ ಹಲ್ಲುಗಳ ಸಂದಿಗೆ ಹೋಗುವ ಪುಟ್ಟ ಬ್ರಷ್ ಆಡಿಸಬೇಕು. ಅಮ್ಮನಿಗೆ ಅದನ್ನು ಈಗಿನಿಂದಲೇ ಇರುವ ಹಲ್ಲುಗಳ ಮೇಲೆ ಅಭ್ಯಾಸ ಮಾಡಿಸಿ.

ಹೋಗುವಾಗ ಹಳೆಯ ಎಕ್ಸ್‌ರೇ, ಮೂರು ತಿಂಗಳೊಳಗಿನ ಎಚ್‌ಬಿಎ1ಸಿ ವರದಿ, ದಿನನಿತ್ಯದ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನೋ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ನನ್ನೋ ಅಮ್ಮ ಯಾವಾಗಲಾದರೂ ತೆಗೆದುಕೊಂಡಿದ್ದರೆ ಅದನ್ನು ತಪ್ಪದೆ ಹೇಳಿ. ಈ ವಯಸ್ಸಿನ ಹೆಂಗಸರು ಅದನ್ನು ಔಷಧಿಯ ಲೆಕ್ಕಕ್ಕೇ ಹಿಡಿಯದೆ ಹೇಳಲು ಬಿಟ್ಟುಬಿಡುತ್ತಾರೆ. ಆ ಔಷಧಿಗಳಿಂದ ಅಪರೂಪಕ್ಕೆ ದವಡೆಯ ಗಾಯ ಒಣಗದೆ ಮೂಳೆಯೇ ಸಾಯುವುದುಂಟು. ಹೆಸರು ನೆನಪಿಲ್ಲದಿದ್ದರೆ ಮೂಳೆ ವೈದ್ಯರ ಹಳೆಯ ಚೀಟಿಯನ್ನು ಹುಡುಕಿ ಜೊತೆಗಿಟ್ಟುಕೊಳ್ಳಿ.