ಧೋತರ ಉಡೋದಾ, ಹಾಕ್ಕೊಳ್ಳೋದಾ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಬಾಗಲಕೋಟೆಯಲ್ಲಿ ನಮ್ಮ ಅಕ್ಕನ ಮಗನ ಮದುವೆ ಇತ್ತು. ಅರಿಷಿಣದ ದಿನ ಹುಡುಗ ಹೊಸ ನಮೂನೆ ಧೋತರ ತಂದಿದ್ದ. ಅಂಗಡಿಯಲ್ಲೇ ಹೊಲಿದು ಕೊಟ್ಟದ್ದು. ನೆರಿಗೆ ಮೊದಲೇ ಹಿಡಿದು ಹೊಲಿಗೆ ಹಾಕಿದ್ದಾರೆ. ಸೊಂಟಕ್ಕೆ ಇಲಾಸ್ಟಿಕ್, ಮುಂದೆ ಚರ್ರ್ ಅಂತ ಬಿಚ್ಚುವ ಅಂಟುಪಟ್ಟಿ, ಬಲಗಡೆ ಮೊಬೈಲ್ ಇಡೋಕೆ ಕಿಸೆ. ಒಳಗೆ ಹೋದವನು ಅರ್ಧ ನಿಮಿಷದಲ್ಲಿ ಹೊರಗೆ ಬಂದ. "ಮಾಮಾ, ಧೋತರ ಹಾಕ್ಕೊಂಡೆ ನೋಡ್ರಿ" ಅಂದ.

ಪಕ್ಕದಲ್ಲಿ ಕೂತಿದ್ದ ನಮ್ಮಪ್ಪ ತಟ್ಟನೆ ತಿದ್ದಿದರು. "ಧೋತರ ಉಡತಾರೋ ತಮ್ಮಾ, ಹಾಕ್ಕೋಳೂದಿಲ್ಲ." ಆಮೇಲೆ ಮೊಮ್ಮಗನನ್ನು ಹತ್ತಿರ ಕರೆದು ಆ ಸೊಂಟಪಟ್ಟಿಯನ್ನು ಬೆರಳಲ್ಲಿ ಮಡಚಿ ಹೊಲಿಗೆ ನೋಡಿದರು. ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಹೊಲಿಗೆ ಮಶೀನು ನಡೆಸಿದ ಕೈ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದಕ್ಕ ಏನ್ ಅನಬೇಕೋ ನನಗೂ ತಿಳೀವಲ್ದು" ಅಂದರು.

ಅವತ್ತಿನಿಂದ ಇದು ತಲೆಯಲ್ಲಿ ಕೂತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕಡೆ ಹಿರಿಯರ ಮಾತಿನಲ್ಲಿ ಸೊಂಟಕ್ಕೆ ಸುತ್ತಿದ್ದೆಲ್ಲ ಉಡುವುದು. ಧೋತರ ಉಟ್ಟ, ಸೀರಿ ಉಟ್ಟಳು. ಹೊಲಿದು ಮೈಗೆ ಏರಿಸಿದ್ದು ತೊಡುವುದು. ಅಂಗಿ ತೊಟ್ಟ, ಕುಬಸ ತೊಟ್ಟಳು. ತಲೆಗೆ ರುಮಾಲು ಸುತ್ತುತ್ತಾರೆ, ಮೈಗೆ ಶಾಲು ಹೊದೆಯುತ್ತಾರೆ, ಕಾಲಿಗೆ ಚಪ್ಪಲಿ ಮೆಟ್ಟುತ್ತಾರೆ. ನಮ್ಮಜ್ಜ ಸಂತೆಗೆ ಹೊರಡುವಷ್ಟರಲ್ಲಿ ಐದು ಕ್ರಿಯಾಪದ ಮುಗಿದಿರುತ್ತಿದ್ದವು. ನನ್ನ ಮಗ ಕಾಲೇಜಿಗೆ ಹೊರಡಲು ಒಂದೇ ಸಾಕು. ಟೋಪಿಯಿಂದ ಶೂ ತನಕ ಎಲ್ಲವನ್ನೂ ಹಾಕ್ಕೋತಾನೆ.

ಈ 'ಹಾಕು' ಯಾವಾಗ ಒಳಗೆ ಬಂತು? ಪ್ಯಾಂಟಿನ ಜೊತೆ ಬಂತು ಅನ್ನೋದು ನನ್ನ ಊಹೆ. ಪ್ಯಾಂಟು ಸೊಂಟದ ಬಟ್ಟೆ, ಆದರೆ ಸುತ್ತುವುದಲ್ಲ. ಹಾಗಾಗಿ 'ಉಡು' ಹೊಂದಲಿಲ್ಲ. ಹೊಲಿದದ್ದು ನಿಜ, ಆದರೆ 'ತೊಡು' ಅನ್ನುವುದು ನಮ್ಮ ಕಿವಿಗೆ ಸೊಂಟದ ಮೇಲಿನ ಬಟ್ಟೆಗೇ ಅಂಟಿಕೊಂಡಿತ್ತು. ಎರಡರ ನಡುವೆ ಸಿಕ್ಕ ಬಟ್ಟೆಗೆ ಮೂರನೆಯ ಮಾತು ಬೇಕಾಯಿತು. 'ಉಡು' ಎಷ್ಟು ಸೊಂಟದ್ದು ಅಂದರೆ, ಹುಟ್ಟಿದ ಗಂಡುಕೂಸಿಗೆ ಬಟ್ಟೆಗಿಂತ ಮೊದಲು ಕಟ್ಟುವುದು ಉಡದಾರ ಅಲ್ವಾ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹೊಲಿಗೆಯೇ ಹೊರಗಿನಿಂದ ಬಂತು ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು. ಸೂಜಿಯೇ ಕಾಯಕ ಆಗಬೇಕಾದರೆ ಹೊಲಿಸಿಕೊಳ್ಳುವವರೂ ಇರಲೇಬೇಕು. ಆದರೆ ಗಂಡಸರ ದಿನದ ಬಟ್ಟೆ ಹೆಚ್ಚಾಗಿ ಸುತ್ತುವ ಬಟ್ಟೆಯೇ ಆಗಿತ್ತು. ಬಾದಾಮಿಯ 3ನೇ ಗುಹೆಗೆ ಹೋಗಿ ನೋಡಿ. ಅಲ್ಲಿನ ಶಾಸನ 578ರದ್ದು. ಕಂಬದ ಮೇಲಿನ ಗಂಡಸರ ಸೊಂಟದಲ್ಲಿ ಬಟ್ಟೆ, ಪಟ್ಟಿ, ನೆರಿಗೆ ಇವೆ. ಎದೆಯ ಮೇಲೆ ಒಡವೆ ಬಿಟ್ಟರೆ ಬೇರೇನಿಲ್ಲ. ಮುಂದಿನ ಶತಮಾನದಲ್ಲಿ ಪುಲಿಕೇಶಿಯ ನಾಡಿಗೆ ಬಂದ ಹ್ಯೂಯೆನ್‌ತ್ಸಾಂಗ್ ಕೂಡ, ಭಾರತದ ಜನರ ಬಟ್ಟೆ ಕತ್ತರಿಸಿ ಹೊಲಿದದ್ದಲ್ಲ ಅಂತಲೇ ಬರೆದಿದ್ದಾನೆ.

ಹೊಲಿದ ಬಟ್ಟೆ ದೊಡ್ಡವರ ಗುರುತಾಗಿ ನಮ್ಮ ಭಾಗದಲ್ಲಿ ಬೆಳೆದದ್ದು ವಿಜಯಪುರದ ಆದಿಲಶಾಹಿ ಕಾಲದಲ್ಲಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಚಿತ್ರಗಳನ್ನು ನೋಡಿದವರಿಗೆ ಆ ಪಾದದ ತನಕದ ತೆಳು ನಿಲುವಂಗಿ, ಸೊಂಟದ ಪಟ್ಟಿ ಮರೆಯುವುದಿಲ್ಲ. 1686ರಲ್ಲಿ ಆ ರಾಜ್ಯ ಹೋಯಿತು. ಅದರ ದರ್ಜಿಗಳ ಮಾತು ಉಳಿಯಿತು. 'ದರ್ಜಿ' ಅನ್ನುವ ಮಾತೇ ಪಾರಸಿಯದು. ಪಾಯಿಜಾಮಾ ಅಂದರೆ ಪಾರಸಿಯಲ್ಲಿ ಕಾಲಿನ ಬಟ್ಟೆ. ಪಾಯಿ ಕಾಲು, ಜಾಮಾ ಬಟ್ಟೆ.

ಅದರಲ್ಲಿ ಎರಡು ಮಾತುಗಳ ದಾರಿ ನನಗೆ ತುಂಬಾ ಹಿಡಿಸಿತು. ಮೊದಲನೆಯದು ರುಮಾಲು. ಪಾರಸಿಯಲ್ಲಿ 'ರೂ' ಮುಖ, 'ಮಾಲ್' ಒರೆಸುವುದು. ಮುಖ ಒರೆಸುವ ತುಂಡು. ಹಿಂದಿಯಲ್ಲಿ ಇವತ್ತಿಗೂ ಅದು ಕರವಸ್ತ್ರವೇ. ನಮ್ಮಲ್ಲಿ ಅದೇ ಮಾತು ತಲೆಗೇರಿ ಮೊಳಗಟ್ಟಲೆ ಉದ್ದವಾಯಿತು. ಎರಡನೆಯದು ಇಜಾರ. ಅರಬ್ಬಿಯಲ್ಲಿ ಇಜಾರ್ ಅಂದರೆ ಹೊಲಿಗೆಯೇ ಇಲ್ಲದ ಬಟ್ಟೆ. ಹಜ್‌ಗೆ ಹೋದ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಿಳಿ ಬಟ್ಟೆಗೆ ಅದೇ ಹೆಸರು. ಅಂದರೆ ನಮ್ಮ ಲೆಕ್ಕದಲ್ಲಿ 'ಉಡುವ' ಬಟ್ಟೆ. ನಮ್ಮ ಇಜಾರಕ್ಕೆ ಎರಡು ಕಾಲು ಇವೆ, ಲಾಡಿ ಇದೆ. ದಾರಿಯಲ್ಲಿ ಎಲ್ಲೋ ಅದು ಹೊಲಿಸಿಕೊಂಡುಬಿಟ್ಟಿದೆ.

ಅಪ್ಪನ ಅಂಗಡಿಯ ಇನ್ನೊಂದು ಮಾತು ಕಾಜಾ. ಕೆಲಸ ಕಲಿಯಲು ಬಂದ ಹುಡುಗರಿಗೆ ಅಪ್ಪ ಮೊದಲು ಕತ್ತರಿ ಕೊಡುತ್ತಿರಲಿಲ್ಲ. ಆರು ತಿಂಗಳು ಕಾಜಾ ಮಾಡು ಅನ್ನುತ್ತಿದ್ದರು. ಗುಂಡಿ ತೂರುವ ಆ ಸೀಳಿನ ಸುತ್ತ ಒಂದರ ಪಕ್ಕ ಒಂದು ಬಿಗಿ ಹೊಲಿಗೆ ಬರಬೇಕು. ಒಂದು ಎಳೆ ಸಡಿಲವಾದರೂ ಬಿಚ್ಚಿ ಮತ್ತೆ ಹಾಕಿಸುತ್ತಿದ್ದರು. ಈ ಕಾಜಾ ಪೋರ್ಚುಗೀಸರ 'ಕಾಸಾ'. ಅವರ ಮಾತಿನಲ್ಲಿ ಅದು ಮನೆ, ಗುಂಡಿಯ ಮನೆ. ಗೋವೆ ಮೊದಲು ಆದಿಲಶಾಹಿಗಳದೇ ಆಗಿತ್ತು, 1510ರಲ್ಲಿ ಪೋರ್ಚುಗೀಸರ ಪಾಲಾಯಿತು. ಗೋವೆಗೆ ಬೆಳಗಾವಿ ಎಷ್ಟು ಹತ್ತಿರ ಅಂತ ಹೇಳಬೇಕಿಲ್ಲ. ಅದಕ್ಕಿಂತ ಮೊದಲು ನಮ್ಮಲ್ಲಿ ಕಸೆ ಇತ್ತು. ಕಸೆ ಅಂಗಿ, ಬಾರಾಬಂದಿ, ಎಲ್ಲ ದಾರ ಕಟ್ಟುವ ಅಂಗಿಗಳು. ಈಗ ಕಸೆ ಉಳಿದಿರುವುದು ಕೂಸಿನ ಅಂಗಿಯಲ್ಲಿ ಮಾತ್ರ.

ಬ್ರಿಟಿಷರ ಕಾಲದ ಕೋಟು, ಪಾಟಲೂಣ ಎಲ್ಲರಿಗೂ ಗೊತ್ತಿರುವ ಕಥೆ. 1818ರಲ್ಲಿ ಬೆಳಗಾವಿ ಕೋಟೆ ಅವರ ಕೈಗೆ ಹೋಯಿತು, ದಂಡು ಬಂದು ಕೂತಿತು. ಅದೇ ಊರಿನಲ್ಲಿ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಪಕ್ಕದ ಹುದಲಿಯಲ್ಲಿ ಖಾದಿ ಬೇರು ಬಿಟ್ಟಿತು. ಹೊರಗಿನ ಬಟ್ಟೆಯನ್ನು ಬೆಂಕಿಗೆ ಹಾಕಿದ ಜನರೇ ಖಾದಿಯನ್ನು ಅಂಗಿಯಾಗಿ ಹೊಲಿಸಿ ತೊಟ್ಟರು. ಕುರ್ತಾಕ್ಕೆ ನಮ್ಮ ಕಡೆ ನೆಹರೂ ಶರ್ಟ್ ಅನ್ನುತ್ತೇವೆ. ಅಪ್ಪ ಇವತ್ತಿಗೂ "ನೆಹರೂ ಶರ್ಟ ತೊಟ್ಟು ಬಂದಿದ್ರು" ಅಂತಲೇ ಅನ್ನೋದು. ನನ್ನ ಬಾಯಲ್ಲಿ ಅದು "ಹಾಕ್ಕೊಂಡು ಬಂದಿದ್ರು" ಆಗಿದೆ. ಒಂದೇ ಮನೆ, ಒಂದೇ ಬಟ್ಟೆ.

'ಹಾಕು' ಮರಾಠಿಯ ಪ್ರಭಾವ ಇರಬಹುದಾ ಅಂತಲೂ ಯೋಚಿಸಿದೆ. ಮರಾಠಿಯಲ್ಲಿ ಧೋತರಕ್ಕೆ 'ನೇಸಣೆ', ಅಂಗಿಗೆ 'ಘಾಲಣೆ'. ಘಾಲಣೆ ಅಂದರೆ ಹಾಕುವುದೇ. ಬೆಳಗಾವಿಯಲ್ಲಿ ಎರಡೂ ಭಾಷೆ ಒಂದೇ ಓಣಿಯಲ್ಲಿ ಓಡಾಡುತ್ತವೆ. ಆದರೆ ಮೈಸೂರಿನವರೂ ಶರ್ಟು ಹಾಕ್ಕೋತಾರೆ, ತಮಿಳರೂ ಸಟ್ಟೈ 'ಪೋಡು' ಅನ್ನುತ್ತಾರೆ. ಹಾಗಾಗಿ ಬರೀ ಮರಾಠಿಯ ಮೇಲೆ ಹೊರಿಸುವುದು ಸರಿಯಲ್ಲ ಅನಿಸಿತು. ಎಲ್ಲ ಕಡೆಯೂ ಹೊಲಿದ ಬಟ್ಟೆಯೇ ಈ ಮಾತನ್ನು ಎಳೆದು ತಂದಂತಿದೆ.

ಹಳೆಯ ಮಾತು ನುಡಿಗಟ್ಟಿನಲ್ಲಿ ಇನ್ನೂ ಗಟ್ಟಿಯಾಗಿದೆ. ಉಟ್ಟ ಬಟ್ಟೆಯಲ್ಲೇ ಓಡಿ ಬಂದ ಅನ್ನುತ್ತೇವೆ, ಬಂದವನು ಜೀನ್ಸಿನಲ್ಲಿದ್ದರೂ. 'ಹಾಕಿದ ಬಟ್ಟೆಯಲ್ಲೇ ಬಂದ' ಅಂದರೆ ಆ ಅವಸರ ಬರೋದೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಊರಲ್ಲಿ ಲುಂಗಿಗೆ ಯಾವ ಮಾತು? ನಮ್ಮ ಓಣಿಯಲ್ಲಿ ಉಡು, ಸುತ್ತು, ಹಾಕು ಮೂರೂ ಕೇಳುತ್ತೇನೆ. ಪಾಯಿಜಾಮಾ ಅಥವಾ ಇಜಾರ 'ತೊಟ್ಟ' ಅಂತ ಯಾರಾದರೂ ಹಿರಿಯರು ಅನ್ನುವುದನ್ನು ಕೇಳಿದ್ದೀರಾ? ಕೇಳಿದ್ದರೆ ನನ್ನ ಊಹೆ ಅರ್ಧ ಬಿದ್ದುಹೋಗುತ್ತದೆ, ಆದರೂ ತಿಳಿಯಬೇಕು. ಇನ್ನು ಆ ಅಂಟುಪಟ್ಟಿಯ ಧೋತರಕ್ಕೆ ಮನೆಯಲ್ಲಿ ಏನನ್ನುತ್ತೀರಿ? ದಯವಿಟ್ಟು 'ಧರಿಸು' ಅಂತ ಬರೆಯಬೇಡಿ, ಅದು ಪತ್ರಿಕೆಯ ಮಾತು. ಊರಿನ ಹೆಸರು, ಹೇಳಿದವರ ವಯಸ್ಸು ಎಷ್ಟಿರಬಹುದು ಅನ್ನೋದನ್ನೂ ಬರೆದರೆ ಉಪಕಾರ.

ಮದುವೆಯ ಬೆಳಿಗ್ಗೆ ಅಪ್ಪ ತಮ್ಮ ಪೆಟ್ಟಿಗೆಯಿಂದ ಹಳೆಯ ಧೋತರ ತೆಗೆದು ಹುಡುಗನನ್ನು ನಿಲ್ಲಿಸಿಕೊಂಡರು. "ಹೊಟ್ಟಿ ಒಳಗ ತಗೋ" ಅಂತ ಹೇಳಿ, ನೆರಿಗೆ ಹಿಡಿದು, ಕಚ್ಚೆ ಹಿಂದಕ್ಕೆ ಒಯ್ದು ಸಿಗಿಸಿದರು. ಹತ್ತು ನಿಮಿಷ ಹಿಡಿಯಿತು. ಹೊರಗೆ ಬಂದ ಹುಡುಗ ಈ ಸಲ, "ಅಜ್ಜ ಧೋತರ ಉಡಿಸಿದ" ಅಂದ.